ಮೂಗಣ್ಣ ವಾಪಸ್ ಕಳಿಸಿದ ಹಾಲು

ನಮ್ಮೂರಿನ ಹಾಲಿನ ಡೈರಿಯಲ್ಲಿ ಯಂತ್ರ ಬರುವುದಕ್ಕೂ ಮೊದಲಿನಿಂದ ಒಂದು ಮೂಗು ಇತ್ತು. ಆ ಮೂಗಿನ ಹಿಂದೆ ಒಬ್ಬ ಮನುಷ್ಯನೂ ಇದ್ದಾನೆ ಎಂಬುದು ನಮಗೆ ನೆನಪಾಗುತ್ತಿದ್ದುದು ಕಡಿಮೆ. ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಹೊರಗೆ ಬರುತ್ತಿದ್ದುದು ಮತ ಹಾಕುವ ದಿನ ಮಾತ್ರ. ಉಳಿದ ದಿನಗಳಲ್ಲಿ ಅವನು ಮೂಗಣ್ಣ, ಅವನನ್ನು ಕಟ್ಟಿಕೊಂಡಾಕೆ ಮೂಗಣ್ಣನ ಹೆಂಡತಿ. ಆಕೆಗೆ ಅದು ಹಿಡಿಸುತ್ತಿರಲಿಲ್ಲ. "ನನ್ನನ್ನೇನು ಒಂದು ಮೂಗಿಗೆ ಮದುವೆ ಮಾಡಿಕೊಟ್ರಾ?" ಎಂದು ಕೇಳುತ್ತಿದ್ದಳು. ನೋಡಲು ಹೋದರೆ ಅದೇನು ಉದ್ದನೆಯ ಮೂಗೂ ಅಲ್ಲ. ಸ್ವಲ್ಪ ಚಪ್ಪಟೆ, ತುದಿ ಕೆಂಪು, ಅಷ್ಟೇ.

ಅವನ ಕೆಲಸ ಹೇಳಿಬಿಡುತ್ತೇನೆ. ಬೆಳಿಗ್ಗೆ ಸಂಜೆ ನಾವು ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತೇವೆ. ಬಾಗಿಲು ದಾಟಿದ ಕೂಡಲೇ ಒಂದು ಸಿಮೆಂಟಿನ ಕಟ್ಟೆ, ಅದರ ಹಿಂದೆ ಮೂಗಣ್ಣ. ಕ್ಯಾನನ್ನು ಕಟ್ಟೆಯ ಮೇಲಿಡಬೇಕು. ಅವನು ಮುಚ್ಚಳ ತೆಗೆದು, ತೆಗೆದ ಗಳಿಗೆಯಲ್ಲೇ ಮುಖ ಒಡ್ಡಿ ಒಂದು ಉಸಿರು ಎಳೆಯುತ್ತಿದ್ದ. ವಾಸನೆಯೆಲ್ಲ ಮುಚ್ಚಳದ ಕೆಳಗೆ ಕೂಡಿಕೊಂಡಿರುತ್ತದಂತೆ, ತಡ ಮಾಡಿದರೆ ಗಾಳಿಗೆ ಹೋಗುತ್ತದಂತೆ. ಸರಿ ಇದ್ದರೆ ಪಕ್ಕಕ್ಕೆ ಸರಿಯುತ್ತಿದ್ದ. ಹಾಲು ಮುಂದಿನ ಮೇಜಿಗೆ ಹೋಗುತ್ತಿತ್ತು, ಅಲ್ಲಿ ಯಂತ್ರ ಫ್ಯಾಟು ಅಳೆದು ಬೆಲೆ ತೋರಿಸುತ್ತಿತ್ತು. ಸರಿ ಇಲ್ಲದಿದ್ದರೆ ಮುಚ್ಚಳವನ್ನು ಮತ್ತೆ ಒತ್ತಿ "ವಾಪಸ್" ಎನ್ನುತ್ತಿದ್ದ. ಯಂತ್ರಕ್ಕೆ ಫ್ಯಾಟು ಗೊತ್ತೇ ಹೊರತು ನಾತ ಗೊತ್ತಿಲ್ಲ. ಒಂದು ಕೆಟ್ಟ ಕ್ಯಾನು ದೊಡ್ಡ ಟ್ಯಾಂಕಿಗೆ ಬಿತ್ತೋ, ಪೇಟೆಯ ಕಾರ್ಖಾನೆಯವರು ಇಡೀ ಊರಿನ ಹಾಲಿಗೆ ಬೆಲೆ ಕಡಿಯುತ್ತಾರೆ. ಹಾಗಾಗಿ ನಮ್ಮೆಲ್ಲರ ಬೆಲೆಯನ್ನೂ ಕಾಯುತ್ತಿದ್ದುದು ಅವನೇ.

ಈ ಕೆಲಸಕ್ಕೆ ಅವನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಡೈರಿ ಶುರುವಾಗುವ ಮುಂಚೆ ಊರಿನ ಹಾಲನ್ನೆಲ್ಲ ಒಬ್ಬ ವರ್ತಕ ಕೊಳ್ಳುತ್ತಿದ್ದ. ಆ ಮಹಾನುಭಾವ ಕ್ಯಾನಿನ ಮುಚ್ಚಳ ತೆಗೆಯುವುದಕ್ಕೂ ಮುಂಚೆಯೇ ಮೂಗು ಮುರಿಯುತ್ತಿದ್ದ. "ವಾಸನೆ ಬರ್ತಿದೆಯಲ್ಲ" ಎಂದರೆ ಮುಗಿಯಿತು, ಅರ್ಧ ಬೆಲೆ. ವಾದ ಮಾಡೋಣವೆಂದರೆ ಹಾಲು ವಾದ ಮುಗಿಯುವ ತನಕ ಕಾಯುವ ಸರಕಲ್ಲ. ಮೂಗಣ್ಣ ಆಗ ಹರೆಯದ ಹುಡುಗ, ಅದೇ ವರ್ತಕನ ಗಾಡಿಗೆ ಕ್ಯಾನು ಎತ್ತಿಡುವ ಆಳು. ಒಂದು ಬೆಳಿಗ್ಗೆ ಒಬ್ಬ ಮುದುಕಿಯ ಹಾಲಿಗೆ ಧಣಿ ಮೂಗು ಮುರಿದಾಗ ಇವನು ಬಗ್ಗಿ ಮೂಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಹಾಲಲ್ಲಿ ಏನೂ ವಾಸನೆ ಇಲ್ಲ ಧಣಿ. ನಿಮ್ಮ ಜೇಬಿನ ಹೊಗೆಸೊಪ್ಪು ಬರ್ತಿದೆ, ಅದನ್ನ ತೆಗೆದಿಡಿ." ಮಧ್ಯಾಹ್ನದ ಹೊತ್ತಿಗೆ ಅವನಿಗೆ ಕೆಲಸವಿರಲಿಲ್ಲ. ಆದರೆ ಮುಂದೆ ನಾವೆಲ್ಲ ಸೇರಿ ಡೈರಿ ಕಟ್ಟಿದಾಗ ಕಟ್ಟೆಯ ಹಿಂದೆ ಯಾರು ನಿಲ್ಲಬೇಕು ಎಂಬ ಪ್ರಶ್ನೆಗೆ ಎರಡನೇ ಹೆಸರೇ ಬರಲಿಲ್ಲ.

ಅವನು ಆ ಮೂಗನ್ನು ಸಾಕಿದ ರೀತಿ ನೋಡಬೇಕಿತ್ತು. ಬೀಡಿ ಬಿಟ್ಟ. ಬೆಳಗಿನ ಹೊತ್ತು ಈರುಳ್ಳಿ ಮುಟ್ಟುತ್ತಿರಲಿಲ್ಲ. ಮನೆಗೆ ಘಮಘಮ ಸೋಪು, ಸುವಾಸನೆಯ ತಲೆಎಣ್ಣೆ, ಪೌಡರು ಒಂದೂ ಬರುವಂತಿರಲಿಲ್ಲ. "ಮಗಳ ಮದುವೆ ದಿನಾನೂ ಬಟ್ಟೆ ಸೋಪಲ್ಲೇ ಮುಖ ತೊಳೆದವಳು ನಾನು" ಎಂದು ಹೆಂಡತಿ ಕಂಡವರಿಗೆಲ್ಲ ಹೇಳಿಕೊಂಡಿದ್ದಾಳೆ. ನೆಂಟಸ್ತಿಕೆಯನ್ನೂ ಅವನು ಕಟ್ಟೆಯ ಆಚೆಗೇ ಇಟ್ಟಿದ್ದ. ಆಕೆಯ ಸ್ವಂತ ತಮ್ಮನ ಹಾಲು ಒಂದು ಬೇಸಿಗೆಯಲ್ಲಿ ಹುಳಿ ಹಿಡಿದು ಬಂದಾಗ, ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಂತೆಯೇ ಮುಚ್ಚಳ ಒತ್ತಿ ವಾಪಸ್ ಕಳಿಸಿದ. ಭಾಮೈದ ಅಂದಿನಿಂದ ಅಕ್ಕನ ಮನೆಯ ನೀರೂ ಮುಟ್ಟಲಿಲ್ಲ. ಭಾವನ ಜೊತೆ ಮಾತು ಬಿಟ್ಟ. ಹೇಳುವುದೇನಾದರೂ ಇದ್ದರೆ ಪಕ್ಕದಲ್ಲಿ ನಿಂತವನಿಗೆ ಗಟ್ಟಿಯಾಗಿ ಹೇಳುತ್ತಿದ್ದ.

ನಮ್ಮ ಮನೆಯ ಹಾಲೂ ಎರಡು ಸಲ ವಾಪಸ್ ಬಂದಿದೆ. ಬೈದುಕೊಂಡೇ ಹೊತ್ತು ತಂದಿದ್ದೇವೆ, ಮನೆಗೆ ಬಂದು ಮೂಸಿ ನೋಡಿದಾಗ ಬಾಯಿ ಮುಚ್ಚಿಕೊಂಡಿದ್ದೇವೆ.

ಊರಿನ ಕೆಳಗಿನ ಬೀದಿಯಲ್ಲಿ ಒಬ್ಬಳು ಹೊಲಿಗೆಯವಳಿದ್ದಾಳೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಹೊಲಿಗೆ ಮೆಷಿನ್ನು, ಅದರ ಹಿಂದಿನ ಗೋಡೆಯಾಚೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಒಂದೇ ಹಸು. ಗಂಡ ತೀರಿಕೊಂಡ ಮೇಲೆ ಅತ್ತೆಯನ್ನೂ ಮಗಳನ್ನೂ ಈ ಎರಡರಿಂದಲೇ ಸಾಕುತ್ತಿದ್ದಾಳೆ. ಅವಳು ಹಾಲು ಹಾಕಲು ಶುರು ಮಾಡಿದ ಹೊಸತರಲ್ಲಿ ಮೂಗಣ್ಣ ಒಮ್ಮೆ ಅವಳ ಕ್ಯಾನಿನಿಂದ ಮುಖ ಎತ್ತಿ, "ಏನಮ್ಮ, ಮೆಷಿನ್ನಿಗೆ ಎಣ್ಣೆ ಬಿಟ್ಟ ಕೈಯಲ್ಲೇ ಹಾಲು ಕರೆದ್ಯಾ?" ಎಂದು ಕೇಳಿದ್ದ. ಅದು ನಿಜವಾಗಿತ್ತು. ಸಾಲಿನಲ್ಲಿದ್ದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಅವಳು ನಾಚಿಕೊಂಡು ಮನೆಗೆ ಹೋಗಿ ಆ ಪ್ಲಾಸ್ಟಿಕ್ ಕ್ಯಾನನ್ನು ಬಿಸಾಡಿ ಸ್ಟೀಲಿನದು ತಂದಳು, ಕೊಟ್ಟಿಗೆಯ ಬಾಗಿಲಲ್ಲಿ ಒಂದು ಸೋಪು ಇಟ್ಟುಕೊಂಡಳು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವಳ ಹಾಲಿಗೆ ಒಂದು ಮಾತು ಬಂದಿರಲಿಲ್ಲ.

ಹೋದ ಚಳಿಗಾಲದಲ್ಲಿ ಮೂಗಣ್ಣ ಜ್ವರ ಬಂದು ಮಲಗಿದ. ಎದ್ದು ಓಡಾಡುವಂತಾದಾಗ ಎಲ್ಲ ಸರಿಹೋಯಿತು ಎಂದುಕೊಂಡರು. ಒಂದು ಮಧ್ಯಾಹ್ನ ಹೆಂಡತಿ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿದ್ದಳು. ಬರುವ ಹೊತ್ತಿಗೆ ಹಾಲು ತಳ ಹಿಡಿದು, ಸೀದು, ಬೀದಿಯವರೆಗೆ ನಾತ ಹೋಗಿತ್ತು. ಒಲೆಗೆ ಬೆನ್ನು ಹಾಕಿ ಕೂತಿದ್ದ ಮೂಗಣ್ಣ ಪೇಪರು ಓದುತ್ತಿದ್ದ.

"ಮೂಗಿಗೆ ಹತ್ತಿ ಇಟ್ಕೊಂಡು ಕೂತಿದೀರಾ?" ಎಂದವಳು ಸೀದ ಪಾತ್ರೆಯನ್ನು ಅವನ ಮೂಗಿನ ಕೆಳಗೇ ಹಿಡಿದಳು. ಅವನಿಗೆ ಏನೂ ಗೊತ್ತಾಗಲಿಲ್ಲ.

ಡಾಕ್ಟರು ಟಾರ್ಚು ಬಿಟ್ಟು ನೋಡಿ, ವಾಸನೆ ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟನ್ನು ಟಾರ್ಚಿಲ್ಲದೆಯೂ ಹೇಳಬಹುದಿತ್ತು. ದಾರಿಯಲ್ಲಿ ಹೆಂಡತಿ, "ಡೈರಿಯವರಿಗೆ ಹೇಳಿಬಿಡಿ. ಮೂಗು ಹೋದ್ರೆ ಬದುಕೇನೂ ಹೋಗಲ್ಲ" ಎಂದಳು.

"ಇನ್ನೊಂದು ವಾರ ನೋಡೋಣ."

"ನೋಡೋದು ಕಣ್ಣಲ್ಲಿ" ಎಂದಳು ಹೆಂಡತಿ.

ಅವನಿಗೆ ಭಯವಿತ್ತು. ಕಟ್ಟೆಯ ಹಿಂದಿನ ಸಂಬಳ ದೊಡ್ಡದೇನಲ್ಲ, ಅದನ್ನು ಬಿಟ್ಟು ಬದುಕಬಹುದಿತ್ತು. ಆದರೆ ಓದಿಲ್ಲದ, ಆಸ್ತಿಯಿಲ್ಲದ ಮನುಷ್ಯನ ಮಾತಿಗೆ ಊರು ತಲೆಬಾಗುತ್ತಿದ್ದುದು ಆ ಒಂದು ಜಾಗದಲ್ಲಿ ಮಾತ್ರ. ಅದನ್ನು ಬಿಟ್ಟುಕೊಟ್ಟು ಭಾಮೈದನ ಮುಂದೆ ಸಾಲಿನಲ್ಲಿ ನಿಲ್ಲುವುದನ್ನು ಅವನು ಯೋಚಿಸಲಾರದೆ ಹೋದ.

ಮೊದಲು ನಾಲಿಗೆಯಿಂದ ನಿಭಾಯಿಸಿದ. ಒಂದು ಚಮಚ ತಂದಿಟ್ಟುಕೊಂಡು, ಈಗ ರುಚಿಯನ್ನೂ ನೋಡಬೇಕೆಂದು ಕಾರ್ಖಾನೆಯವರು ಹೇಳಿದ್ದಾರೆ ಎಂದ. ನಾವು ನಂಬಿದೆವು. ಮೂಗು ಸತ್ತವನಿಗೆ ನಾಲಿಗೆಯಲ್ಲಿ ಉಳಿಯುವುದು ಹುಳಿ, ಉಪ್ಪು, ಸಿಹಿ, ಕಹಿ ಇಷ್ಟೇ. ಹುಳಿ ತಿರುಗಿದ ಹಾಲನ್ನು ಹಾಗೆ ಹಿಡಿಯಬಹುದಿತ್ತು. ಆದರೆ ಚಳಿಗಾಲದಲ್ಲಿ ಹಾಲು ಹುಳಿಯಾಗುವುದೇ ಅಪರೂಪ. ವಾರಗಟ್ಟಲೆ ಒಂದು ಕ್ಯಾನೂ ವಾಪಸ್ ಹೋಗಲಿಲ್ಲ. ಸಾಲಿನಲ್ಲಿ ಮಾತು ಹುಟ್ಟಿತು: ಮೂಗಣ್ಣ ಮೆತ್ತಗಾಗಿದ್ದಾನೆ, ವಯಸ್ಸಾಯಿತು. ಭಾಮೈದ ಪಕ್ಕದವನ ಕಿವಿಗೆ, ಅಂದರೆ ಇಡೀ ಡೈರಿಗೆ ಕೇಳುವ ಹಾಗೆ, "ಯಾಕೋ ಕೆಲವರಿಗೆ ನೆಗಡಿ ವಾಸಿಯಾದ ಹಾಗಿಲ್ಲ" ಎಂದ.

ಅವನ ಹಿಂದೆಯೇ ಕ್ಯಾನು ಇಟ್ಟವಳು ಹೊಲಿಗೆಯವಳು. ಮೂಗಣ್ಣ ಮುಚ್ಚಳ ತೆಗೆದ, ಉಸಿರೆಳೆದ, ಮುಚ್ಚಳ ಒತ್ತಿದ.

"ವಾಪಸ್."

ಅವಳು ತಬ್ಬಿಬ್ಬಾದಳು. "ಏನು ವಾಸನೆ ಅಣ್ಣ?"

"ಎಣ್ಣೆ. ಮೆಷಿನ್ ಎಣ್ಣೆ."

ಯಾಕೆ ಅವಳದೇ ಎಂದು ಆಮೇಲೆ ಊರೆಲ್ಲ ಕೇಳಿತು. ಬೇರೆಯವರದಾಗಿದ್ದರೆ ಯಾವ ವಾಸನೆ ಎಂದು ಹೇಳಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ. ಇವಳದು ಹಳೆಯ ಜ್ಞಾಪಕದಲ್ಲಿತ್ತು. ಇನ್ನೊಂದು ಕಾರಣವನ್ನು ಅವನು ಒಪ್ಪಲಿಲ್ಲ, ನಾನು ಹೇಳುತ್ತೇನೆ. ಅವಳು ಜಗಳ ಆಡುವವಳಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ಬೀಳುವುದು ಒದೆಯದ ಎಮ್ಮೆಗೆ. ಅವಳ ಹಿಂದೆ ನಿಂತಿದ್ದವರು ನಾವೇ. ನಮಗೂ ಯಾವ ವಾಸನೆಯೂ ಬಂದಿರಲಿಲ್ಲ. ಆದರೆ ಮೂಗಣ್ಣ ಎಣ್ಣೆ ಎಂದ ಮೇಲೆ ನಮಗೂ ಸ್ವಲ್ಪ ಎಣ್ಣೆ ಬಂದಂತಾಯಿತು.

ಮುಂದಿನ ವಾರ ಮತ್ತೆ ಅವಳದೇ ವಾಪಸ್ ಬಂತು. "ಇನ್ನೂ ಇದೆಯಮ್ಮ" ಎಂದ, ಅವಳ ಮುಖ ನೋಡದೆ. ಡೈರಿಯ ನಿಯಮ ಎಲ್ಲರಿಗೂ ಗೊತ್ತು. ಒಂದೇ ತಿಂಗಳಲ್ಲಿ ಮೂರು ಸಲ ವಾಪಸಾದರೆ ಆರು ತಿಂಗಳು ಹಾಲು ಹಾಕುವಂತಿಲ್ಲ. ಆಮೇಲೆ ಉಳಿಯುವುದು ರಸ್ತೆ ಬದಿಯ ಟೀ ಅಂಗಡಿಯವನು, ಅವನು ಕೊಟ್ಟಿದ್ದೇ ಬೆಲೆ. ಅವನಾಗಲೇ ಅವಳನ್ನು ಮಾತಾಡಿಸಿಯೂ ಆಗಿತ್ತು. "ವಾಸನೆ ಹಾಲು ಅಂತಾರೆ, ಆದ್ರೂ ಪರವಾಗಿಲ್ಲ, ನಾನು ತಗೋತೀನಿ" ಎಂದು ದೊಡ್ಡ ಉಪಕಾರ ಮಾಡುವವನಂತೆ ಹೇಳಿದ್ದನಂತೆ. ಅವನು ಕೊಡುವ ದುಡ್ಡಲ್ಲಿ ಹಿಂಡಿ ತಂದರೆ ಹುಲ್ಲಿಗೆ ಉಳಿಯುವುದಿಲ್ಲ.

ಇದೆಲ್ಲ ಮೂಗಣ್ಣನ ಹೆಂಡತಿಗೆ ಗೊತ್ತಾದುದು ದಿಂಬಿನ ಕವರುಗಳಿಂದ. ನಾಲ್ಕು ಕವರು ಹೊಲಿಸಬೇಕೆಂದು ಬಟ್ಟೆ ಹಿಡಿದು ಒಂದು ಮಧ್ಯಾಹ್ನ ಹೊಲಿಗೆಯವಳ ಮನೆಗೆ ಹೋದಳು. ಕಿಟಕಿಯ ಬಳಿ ಮೆಷಿನ್ನಿಗೆ ಹಳೆಯ ಹೊದಿಕೆ ಮುಚ್ಚಿತ್ತು. ಅದರ ಮೇಲೆ ಮಗಳ ಶಾಲೆಯ ಪುಸ್ತಕಗಳು.

"ಹೊಲೀತಿಲ್ಲ ಅಕ್ಕ, ನಿಲ್ಲಿಸಿಬಿಟ್ಟಿದೀನಿ."

"ಯಾಕೇ? ಕಣ್ಣು ನೋವಾ?"

"ಹಾಲಿಗೆ ಎಣ್ಣೆ ವಾಸನೆ ಹೊಡೀತಿದೆಯಂತಲ್ಲ. ಮೊದಲನೇ ಸಲ ಹೇಳಿದಾಗ ಮೆಷಿನ್ನಿಗೆ ಎಣ್ಣೆ ಬಿಡೋದು ನಿಲ್ಲಿಸಿದೆ. ಅದು ಬಿಗಿಯಾಗಿ ಸೂಜಿ ಮುರೀತು. ಆಮೇಲೆ ಮುಟ್ಟೋದೇ ಬಿಟ್ಟೆ. ಆದ್ರೂ ಹೋಗಿಲ್ಲ ಅಂದ್ರು ಅಣ್ಣ." ಅವಳು ತನ್ನ ಅಂಗೈಗಳನ್ನು ಮೂಸಿ ತೋರಿಸಿದಳು. "ನನಗೆ ಏನೂ ಗೊತ್ತಾಗ್ತಿಲ್ಲ. ಅತ್ತೆಗೂ ಇಲ್ಲ ಅಂತಾರೆ. ಮಗಳ ಕೈಯಲ್ಲೂ ಮೂಸಿಸಿದೆ. ನಮ್ಮ ಮೂಗೇ ಸರಿ ಇಲ್ವೇನೋ."

ಒಳಕೋಣೆಯಿಂದ ಅತ್ತೆ, "ಇವಳು ದಿನಕ್ಕೆ ಎಷ್ಟು ಸಲ ಕೈ ತೊಳೀತಾಳೆ ಕೇಳು! ಚರ್ಮ ಸುಲಿದುಹೋಗಿದೆ" ಎಂದಳು. ಮೂಗಣ್ಣನ ಹೆಂಡತಿ ನೋಡಿದಳು. ಬೆರಳ ಗೆಣ್ಣುಗಳು ಒಡೆದು ಕೆಂಪಾಗಿದ್ದವು.

"ನಾಳೆ ಮೂರನೇದೂ ಆಗಿಬಿಟ್ರೆ ಆ ಟೀ ಅಂಗಡಿಯವನ ಕೈಕೆಳಗೆ ಬೀಳೋ ಬದಲು ಹಸು ಕೊಟ್ಟುಬಿಡ್ತೀನಿ ಅಕ್ಕ. ಕೊಳ್ಳೋರು ಬಂದು ನೋಡಿಕೊಂಡೂ ಹೋದ್ರು. ಅಣ್ಣನ ಮೇಲೆ ನನಗೇನೂ ಬೇಜಾರಿಲ್ಲ. ನಿಮ್ಮ ಸ್ವಂತ ತಮ್ಮನ ಹಾಲನ್ನೇ ವಾಪಸ್ ಕಳಿಸಿದೋರು ಅವರು. ಅವರ ಮೂಗು ಸುಳ್ಳು ಹೇಳಲ್ಲ."

ಮೂಗಣ್ಣನ ಹೆಂಡತಿ ಬಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಆಕೆ ಬಾಯಿ ಮಾಡುವ ಹೆಂಗಸು, ಒಂದು ಚೊಂಬು ಉರುಳಿದರೂ ನಾಲ್ಕು ಮನೆಗೆ ಕೇಳುವಂತೆ ಕೂಗುವವಳು. ಅಂದು ಕೂಗಲಿಲ್ಲ. ಬಾಗಿಲು ಹಾಕಿ ಗಂಡನ ಎದುರು ಕೂತಳು.

"ಅವಳ ಹಾಲಲ್ಲಿ ನಿಮಗೆ ನಿಜವಾಗ್ಲೂ ವಾಸನೆ ಬಂತಾ?"

ಅವನು ಪೇಪರು ಮಡಿಸಿದ.

"ಬಂತಾ?"

"ಯಾರನ್ನಾದರೂ ಕಳಿಸಲೇಬೇಕಿತ್ತು ಕಣೇ. ಕಳಿಸದೇ ಇದ್ರೆ ಅನುಮಾನ ಪಡ್ತಿದ್ರು."

"ಹಾಲು ನೋಡದೆ ಮುಖ ನೋಡಿ ವಾಸನೆ ಅನ್ನೋದು ಆ ವರ್ತಕ ಮಾಡ್ತಿದ್ದ ಕೆಲಸ. ಅವನಾದ್ರೂ ದುಡ್ಡಿಗೆ ಮಾಡ್ದ. ಆವತ್ತು ಅವನೆದುರು ನೀವು ಎದ್ದು ನಿಂತು ವಾಸನೆ ಇಲ್ಲ ಅಂದ್ರಲ್ಲ, ಆ ಮಾತು ಕೇಳೇ ನಮ್ಮಪ್ಪ ನಿಮಗೆ ಹೆಣ್ಣು ಕೊಟ್ಟಿದ್ದು. ನಾಳೆ ನೀವು ಹೇಳ್ತೀರೋ, ನಾನು ಬಂದು ಹೇಳ್ಲೋ?"

ಅವನು ಸಂಜೆ ಡೈರಿಗೆ ಹೋಗಿ ಒಂದು ಕ್ಯಾನನ್ನೂ ವಾಪಸ್ ಕಳಿಸದೆ ಬಂದ. ಹೊಲಿಗೆಯವಳು ಆ ಸಂಜೆ ಬಂದಿರಲಿಲ್ಲ. ಹೆದರಿ ಹಾಲನ್ನು ಕರುವಿಗೇ ಬಿಟ್ಟಿದ್ದಳು.

ಬೆಳಿಗ್ಗೆ ಬಂದಳು. ಕೊಟ್ಟಿಗೆ ತೊಳೆದು, ಹಸುವಿನ ಮೈ ತೊಳೆದು, ಕ್ಯಾನನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಬಂದಿದ್ದಳು ಎಂದು ಆಮೇಲೆ ತಿಳಿಯಿತು. ಕ್ಯಾನು ಕಟ್ಟೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಮುಚ್ಚಿಕೊಂಡಳು. ತನ್ನ ಮೈಯ ಗಾಳಿಯೂ ಸೋಕದಿರಲಿ ಎಂದೋ ಏನೋ. ಮೂಗಣ್ಣ ಮುಚ್ಚಳದ ಮೇಲೆ ಕೈಯಿಟ್ಟ. ತೆಗೆಯಲಿಲ್ಲ.

"ನನಗೆ ವಾಸನೆ ಬರಲ್ಲ" ಎಂದ.

ಅವಳು ಕಣ್ಣು ತೆರೆದಳು. "ಇಲ್ವಾ ಅಣ್ಣ? ಹೋಯ್ತಾ ಎಣ್ಣೆ?"

"ನಿನ್ನ ಹಾಲಿಂದಲ್ಲಮ್ಮ. ಯಾವುದರದೂ ಬರಲ್ಲ. ಜ್ವರ ಬಂದಾಗಿಂದ ನನ್ನ ಮೂಗು ಹೋಗಿದೆ. ನಿನ್ನ ಹಾಲಲ್ಲಿ ಎಣ್ಣೆ ಇರ್ಲಿಲ್ಲ. ಇತ್ತೋ ಇಲ್ವೋ ನನಗೆ ಗೊತ್ತೇ ಇರ್ಲಿಲ್ಲ."

ಯಂತ್ರದ ಮುಂದೆ ಕೂತಿದ್ದ ಕಾರ್ಯದರ್ಶಿ ಎದ್ದು ಬಂದರು. ಮೊದಲು ಬಾಯಿಬಿಟ್ಟವನು ಭಾಮೈದ, ಈ ಸಲ ಪಕ್ಕದವನಿಗಲ್ಲ, ನೇರವಾಗಿ ಭಾವನಿಗೆ. ಎಷ್ಟೋ ವರ್ಷದ ಮೇಲೆ ಆಡಿದ ಮೊದಲ ಮಾತು: "ಹಾಗಾದ್ರೆ ನನ್ನ ಹಾಲು?"

"ಅದು ಆಗ ನಿಜವಾಗ್ಲೂ ಹುಳಿಯಾಗಿತ್ತು."

"ಈಗ ಹೇಳು! ಯಾರು ನಂಬ್ತಾರೆ?"

ನಿಜ ಹೇಳಬೇಕೆಂದರೆ ಯಾರೂ ನಂಬಲಿಲ್ಲ. ಆ ಬೆಳಿಗ್ಗೆ ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಎಂದೋ ವಾಪಸ್ ಹೋದ ತಮ್ಮ ಹಾಲು ನೆನಪಾಯಿತು. ಮಳೆಗಾಲದ್ದು, ಮದುವೆ ವರ್ಷದ್ದು, ಸತ್ತ ಎಮ್ಮೆಯದು. ಮನೆಯಲ್ಲಿ ಸ್ವತಃ ಮೂಸಿ ಮೂಗು ಮುಚ್ಚಿಕೊಂಡವರು ಕೂಡ, ಅದೂ ಚೆನ್ನಾಗಿಯೇ ಇತ್ತು ಎಂದರು. ನಮ್ಮ ಮನೆಯಿಂದ ಹೋಗಿದ್ದವರೂ ಹಾಗೆಯೇ ಕೂಗಿದರು. ಇಷ್ಟು ವರ್ಷ ಒಬ್ಬರ ಮುಖವನ್ನೂ ನೋಡದೆ ಅವನು ಮಾಡಿದ ನ್ಯಾಯವೆಲ್ಲ ಒಂದು ಗಂಟೆಯಲ್ಲಿ ಮಣ್ಣುಪಾಲಾಯಿತು. ನನಗೆ ಅಂದು ಅವನ ಮೇಲೆ ಕೋಪವೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಎರಡನ್ನೂ ನಾನೀಗ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕಾರ್ಯದರ್ಶಿ ಹೇಗೋ ಗಲಾಟೆ ಅಡಗಿಸಿದರು. ಇನ್ನು ಮುಂದೆ ದಿನಕ್ಕಿಬ್ಬರಂತೆ ಸಾಲಿನವರೇ ಸರದಿಯಲ್ಲಿ ಮೂಸುವುದು, ಇಬ್ಬರೂ ಹೌದೆಂದರೆ ಮಾತ್ರ ವಾಪಸ್ ಎಂದಾಯಿತು. ಹೊಲಿಗೆಯವಳ ಎರಡು ವಾಪಸನ್ನೂ ಲೆಕ್ಕದಿಂದ ಹೊಡೆದುಹಾಕಿದರು. ಮೂಗಣ್ಣ ಇಷ್ಟಪಟ್ಟರೆ ಕ್ಯಾನು ತೊಳೆಯುವ ಕಡೆ ಇರಬಹುದು ಎಂದರು. ಇವತ್ತಿನ ಮಟ್ಟಿಗೆ ತಾವೇ ಮೂಸುವುದಾಗಿ ಮುಂದೆ ಬಂದು, "ತೆಗೀಮ್ಮ ಮುಚ್ಚಳ, ಹೊತ್ತಾಯ್ತು" ಎಂದರು.

ಹೊಲಿಗೆಯವಳು ಅಷ್ಟೂ ಹೊತ್ತು ಕಟ್ಟೆಯ ಮುಂದೆ ನಿಂತೇ ಇದ್ದಳು. ಈಗ ಮುಚ್ಚಳದ ಮೇಲೆ ಒಡೆದ ಕೈಯನ್ನು ಒತ್ತಿ ಹಿಡಿದಳು.

"ನೀವು ಬೇಡ ಸಾರ್. ಅಣ್ಣನೇ ನೋಡ್ಲಿ."

ಮೂಗಣ್ಣ ಆಗಲೇ ಕಟ್ಟೆ ಬಿಟ್ಟು ಹೊರಟಿದ್ದವನು ನಿಂತ. "ಹೇಳಿದ್ನಲ್ಲಮ್ಮ, ನನಗೆ ಗೊತ್ತಾಗಲ್ಲ."

"ಗೊತ್ತಾಗದೇನೇ ಕೆಟ್ಟಿದೆ ಅಂದ್ರಲ್ಲ ಅಣ್ಣ, ಇವರೆಲ್ಲರ ಮುಂದೆ, ಎರಡು ಸಲ. ಗೊತ್ತಾಗದೇನೇ ಚೆನ್ನಾಗಿದೆ ಅನ್ನಿ."

ಜಗಳ ಆಡದವಳು ಎಂದು ನಾವೆಲ್ಲ ತಿಳಿದಿದ್ದ ಹೆಂಗಸು ದನಿ ಎತ್ತದೆ ಅಷ್ಟು ಹೇಳಿ ಮುಚ್ಚಳ ತೆಗೆದಳು. ಮೂಗಣ್ಣ ಹಿಂತಿರುಗಿ ಬಂದ. ಮುಖ ಒಡ್ಡಿ ಉಸಿರೆಳೆದ, ಒಮ್ಮೆ ಎಳೆದು ಸಾಲದೆ ಮತ್ತೆ ಎಳೆದ. ಕ್ಯಾನಿನಿಂದ ಬಿಸಿ ಏಳುತ್ತಿದ್ದುದು ಅವನ ಮುಖಕ್ಕೆ ತಾಗಿರಬೇಕು. ಬೇರೆ ಏನೂ ಸಿಗಲಿಲ್ಲ ಎಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ತಲೆ ಎತ್ತಿ, ಸಾಲಿನ ಕೊನೆಯವನಿಗೂ ಕೇಳುವ ಹಾಗೆ ಹೇಳಿದ:

"ಚೆನ್ನಾಗಿದೆ."

ಅವಳು ಕ್ಯಾನು ಎತ್ತಿಕೊಂಡು ಯಂತ್ರದ ಮೇಜಿನ ಕಡೆ ನಡೆದಳು.